ಬಿಟ್ಟು ಹೋದವಳ ಮಫ್ಲರ್

ನಮ್ಮೂರಿನ ಬ್ಲೂಸ್-ರಾಕ್ ಬ್ಯಾಂಡಿನ ಗಾಯಕನಷ್ಟು ಸುಖವಾಗಿ ದುಃಖಪಡುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಪ್ರತಿ ಕಾರ್ಯಕ್ರಮದಲ್ಲೂ ಹೊಟ್ಟೆ ತುಂಬ ಉಂಡು, ಕಪ್ಪು ಕನ್ನಡಕ ಏರಿಸಿ, ಗಿಟಾರಿನ ಕಿವಿ ಹಿಂಡಿ, "ಬಿಟ್ಟು ಹೋದಳು, ನನ್ನ ಬಿಟ್ಟು ಹೋದಳು" ಎಂದು ಅರಚುತ್ತಾನೆ. ಬಿಟ್ಟು ಹೋಗಿರಬೇಕಾದ ಹೆಂಡತಿ ಮೊದಲ ಸಾಲಿನಲ್ಲೇ ಬಿಸಿನೀರಿನ ಫ್ಲಾಸ್ಕ್ ಹಿಡಿದು ಕೂತಿರುತ್ತಾಳೆ. "ರೀ, ಗಂಟಲು ಕಟ್ಟುತ್ತೆ, ಮಫ್ಲರ್ ಸುತ್ಕೊಳ್ಳಿ!" ಎಂದು ಆಕೆ ಕೂಗಿದರೆ ಹಾಡಿಗೂ ಬೀಳದಷ್ಟು ಚಪ್ಪಾಳೆ ಬೀಳುತ್ತದೆ. "ಮಾನ ಕಳೀಬೇಡ ಕಣೇ" ಎಂದು ಈತ ಮೈಕಿನಲ್ಲೇ ಹಲ್ಲು ಕಡಿಯುತ್ತಾನೆಯೇ ಹೊರತು ಒಮ್ಮೆಯೂ ಅದನ್ನು ಸುತ್ತಿಕೊಂಡವನಲ್ಲ. ಕಳೆದ ಭಾನುವಾರ ಆಕೆ ಆಪರೇಷನ್ ಆಗಿ ಆಸ್ಪತ್ರೆಯಲ್ಲಿದ್ದಳು. ಅಂದಿನ ಕಾರ್ಯಕ್ರಮದಲ್ಲಿ ಡ್ರಮ್ಮಿನವನು ಎಂದಿನ ಹಾಡಿನ ತಾಳ ಹಿಡಿದದ್ದೇ ತಡ, ಈತ ಕೈಯೆತ್ತಿ ನಿಲ್ಲಿಸಿದ: "ಇವತ್ತು ಅದು ಬೇಡ ಕಣೋ." ಆ ಸುಡುವ ಸೆಕೆಯಲ್ಲಿ ಅವನ ಕುತ್ತಿಗೆಗೆ ಮಫ್ಲರ್ ಮೂರು ಸುತ್ತು ಬಿಗಿದಿತ್ತು.