ಹಗ್ಗ ಹಿಡಿದ ಜೇನಿನವನು

ಹೆಂಡತಿ ತೀರಿಕೊಂಡ ಮೇಲೆ ಮೊನ್ನೆ ಮೊದಲ ಸಲ ಅವಳ ಟ್ರಂಕು ತೆರೆದೆ. ನಾನೇ ನೇಯ್ದ ಸೀರೆಗಳನ್ನೆಲ್ಲ ಬಿಸಿಲಿಗೆ ಹಾಕಲು ಎತ್ತಿದಾಗ ತಳದಲ್ಲಿ ಒಂದು ತಗಡಿನ ಡಬ್ಬಿ ಸಿಕ್ಕಿತು. ಒಳಗೆ ಜೇನುಮೇಣದ ಉಂಡೆ. ಮೂಗಿನ ಹತ್ತಿರ ತಂದರೆ ಹೊಗೆಯ ವಾಸನೆ, ಸೀಮೆಎಣ್ಣೆಯ ವಾಸನೆ... ಇಷ್ಟು ವರ್ಷ ಉಳಿದಿತ್ತೋ, ನನ್ನ ಮೂಗಿಗೆ ಮಾತ್ರ ಬಂತೋ.

ಆ ಮೇಣ ಕೊಟ್ಟವನು ಚೆಂಚು ಬುಡಕಟ್ಟಿನವನು. ಕೃಷ್ಣೆಯ ಕೆಳದಂಡೆಯ ಕಾಡಿನಿಂದ, ಗದ್ವಾಲ ದಾಟಿ, ಬೇಸಿಗೆಗೆ ನಮ್ಮ ಕಡೆ ಬರುತ್ತಿದ್ದ. ನಮಗೆಲ್ಲ ಅವನು ಜೇನಿನವನು. ನಾರಾಯಣಪೇಟೆಯ ಪಕ್ಕದ ನಮ್ಮೂರ ಹಿಂದೆ ಒಂದು ಗುಡ್ಡವಿದೆ. ಅದರ ಬಂಡೆಯ ಹೊಟ್ಟೆಗೆ ಆಗ ಹೆಜ್ಜೇನು ಕಟ್ಟುತ್ತಿತ್ತು. ಅವನು ಬಳ್ಳಿಯ ಹಗ್ಗ ಹಿಡಿದು ಇಳಿದು, ಹಸಿ ಸೊಪ್ಪಿನ ಹೊಗೆ ಹಾಕಿ, ಹುಳಕ್ಕೆಂದು ಒಂದು ಭಾಗ ಬಿಟ್ಟು ಉಳಿದದ್ದನ್ನು ಕೊಯ್ಯುತ್ತಿದ್ದ. ಮೇಲೆ ಹಗ್ಗ ಹಿಡಿಯುವವನು ಮಾತ್ರ ಹೆಂಡತಿಯ ಒಡಹುಟ್ಟಿದವನೇ ಆಗಬೇಕು. ತನ್ನ ಅಣ್ಣತಮ್ಮಂದಿರಾದರೂ ಆಗದು. ಅಕ್ಕತಂಗಿ ವಿಧವೆಯಾಗಲಿ ಎಂದು ಯಾರೂ ಹಗ್ಗ ಬಿಡುವುದಿಲ್ಲವಲ್ಲ, ಅದು ಅವರ ಪದ್ಧತಿ.

ನನಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ. ನಾನು ದಿನವಿಡೀ ಮಗ್ಗದ ಕುಣಿಯಲ್ಲಿ ಸೊಂಟದವರೆಗೆ ಇಳಿದು ಕೂತವನು. ಅವನು ಗಾಳಿಯಲ್ಲಿ ತೂಗುತ್ತಿದ್ದರೆ ಊರಿಗೆ ಊರೇ ಕತ್ತೆತ್ತಿ ನೋಡುತ್ತಿತ್ತು. ಆಗ ಹೆಂಗಸರು ಹಣೆಗೆ ಮೇಣ ಒತ್ತಿ ಅದರ ಮೇಲೆ ಕುಂಕುಮ ಇಡುತ್ತಿದ್ದರು. ನಾನು ನೇಯ್ದ ಸೀರೆಯ ಅಂಚಿನ ಬಗ್ಗೆ ಒಂದು ಮಾತಾಡದ ನನ್ನ ಹೆಂಡತಿ, ಅವನು ಕೊಟ್ಟ ಮೇಣವನ್ನು ಓಣಿಗೆಲ್ಲ ತೋರಿಸುವಳು: "ನಮ್ಮಣ್ಣ ತಂದಿದ್ದು ನೋಡ್ರಿ." ಅವಳಿಗೆ ಒಡಹುಟ್ಟಿದವರು ಇರಲಿಲ್ಲ. ಅದು ಗೊತ್ತಿದ್ದೂ ನನ್ನ ಹೊಟ್ಟೆ ಉರಿಯುತ್ತಿತ್ತು.

"ಗಂಡಸಂದ್ರ ಹಂಗ ಎದಿಗಾರಿಕಿ ಇರಬೇಕ್ರಿ," ಅಂದಳು ಒಂದು ಸಂಜೆ.

"ಮತ್ತ ನಾನೇನು ಕೈಗೆ ಬಳಿ ಇಟ್ಕೊಂಡೀನೇನು?"

"ನೀವೂ ದಿನಾ ಇಳೀತೀರಲ್ರಿ, ಮಗ್ಗದ ಕುಣ್ಯಾಗ!"

ಅವಳದು ಬರೀ ತಮಾಷೆ. ನನಗೆ ನಿದ್ದೆ ಬರಲಿಲ್ಲ.

ಬೆಳಗ್ಗೆ ಗುಡ್ಡಕ್ಕೆ ಹೋಗಿ, ಇವತ್ತು ನಾನೇ ಇಳಿಯುತ್ತೇನೆಂದು ಹಟ ಹಿಡಿದೆ. ಎಷ್ಟು ಹೇಳಿದರೂ ಕೇಳಲಿಲ್ಲ. ಹಗ್ಗ ಹಿಡಿಯಲು ಅವನ ಹೆಂಡತಿಯ ತಮ್ಮ ಮುಂದೆ ಬಂದ. ಜೇನಿನವನು ತಡೆದ.

"ನಿಮ್ಮ ಮನಿಯಾಕಿ ನನಗ ಅಣ್ಣ ಅಂತಾರ. ಹಂಗಾದ್ರ ನೀವು ನನಗ ಬಾವ ಆದ್ರಿ. ಈ ಹಗ್ಗ ನಾನ ಹಿಡೀಬೇಕ್ರಿ."

ಹೊಗೆಯಾಡುವ ಸೊಪ್ಪಿನ ಕಟ್ಟು ಕೈಗೆ ಕೊಟ್ಟ. ಅವನಿಗೆ ಗೊತ್ತಿಲ್ಲದಂತೆ ನಾನು ಸೊಂಟದಲ್ಲಿ ಇನ್ನೊಂದನ್ನು ಸಿಕ್ಕಿಸಿಕೊಂಡಿದ್ದೆ: ಮಗ್ಗದ ನೂಲಿನ ಚಿಂದಿ ಸುತ್ತಿ ಸೀಮೆಎಣ್ಣೆಯಲ್ಲಿ ಅದ್ದಿದ ಕೋಲು. ಒಂದೇ ಏಟಿಗೆ ಹುಳವೆಲ್ಲ ಓಡಬೇಕು, ಇವನಿಗಿಂತ ಬೇಗ ಜೇನು ಇಳಿಸಿದ ಎಂದು ಊರು ಅನ್ನಬೇಕು... ಅಷ್ಟೇ ನನ್ನ ಲೆಕ್ಕ. ಇಳಿದು ಜೇನುಹುಟ್ಟಿನ ಹತ್ತಿರ ಹೋಗಿ ಸೊಪ್ಪಿನ ಕಿಡಿಯನ್ನು ಆ ಕೋಲಿಗೆ ತಾಗಿಸಿದೆ. ಭಗ್ಗೆಂದು ಹುಟ್ಟೇ ಹತ್ತಿಕೊಂಡಿತು. ಸುಟ್ಟ ಹುಳಗಳು ಉದುರಿದವು. ಉಳಿದವು ಮೇಲೆದ್ದು ಹಗ್ಗ ಹಿಡಿದವನನ್ನು ಮುತ್ತಿದವು.

ನಾನು ಚೀರುತ್ತಿದ್ದೆ. ಮೇಲಿನಿಂದ ಅವನ ದನಿ: "ಬಾವಾ, ಭಯಪಡಕು! ಹೆದರಬ್ಯಾಡ! ಹಗ್ಗ ಗಟ್ಟಿ ಹಿಡಿ!"

ನನ್ನನ್ನು ಮೇಲಕ್ಕೆ ಎಳೆದುಕೊಂಡ. ಹಗ್ಗ ಒಮ್ಮೆಯೂ ಸಡಿಲಾಗಲಿಲ್ಲ. ಮೇಲೆ ಬಂದು ನೋಡಿದರೆ ಅವನ ಮುಖವೆಲ್ಲ ಬಾತು, ಒಂದು ಕಣ್ಣು ಮುಚ್ಚಿಹೋಗಿತ್ತು. ಕೈಗಳ ಮೇಲೆ ಹುಳ ಇನ್ನೂ ಅಂಟಿಕೊಂಡಿದ್ದವು.

ಊರ ಹಿರಿಯರು ಸೇರಿ, ಬೆಂಕಿ ಹಾಕಿದವರು ಯಾರು ಎಂದು ಕೇಳಿದರು.

"ಆ ಕೋಲು ಕೊಟ್ಟಾವ ಅವನ," ಎಂದೆ ಜೇನಿನವನತ್ತ ಕೈ ಮಾಡಿ.

ಅವನ ಹೆಂಡತಿಯ ತಮ್ಮ ಸಿಡಿದೆದ್ದ. ಜೇನಿನವನು ಅವನ ಕೈ ಹಿಡಿದು ಕೂರಿಸಿದ. "ಬಾವ ಹೇಳಿದ್ಮ್ಯಾಲೆ ಆತ್ರಿ," ಅಂದ. ಅಷ್ಟೇ. ಇನ್ನು ಈ ಗುಡ್ಡ ಹತ್ತಬೇಡ ಎಂದು ಹಿರಿಯರು ಅವನಿಗೆ ಹೇಳಿದರು. ಹೋಗುವ ಮುಂಚೆ ಅವನು ನಮ್ಮ ಬಾಗಿಲಿಗೆ ಬಂದು, ಸುಟ್ಟ ಹುಟ್ಟಿನಿಂದ ತೆಗೆದ ಮೇಣವನ್ನು ನನ್ನ ಹೆಂಡತಿಯ ಕೈಗಿಟ್ಟ. ಆ ಬಂಡೆಯೇ ಅವನ ಬೇಸಿಗೆಯ ಅನ್ನವಾಗಿತ್ತು. ಮತ್ತೆ ಅವನು ಬರಲಿಲ್ಲ, ಹೆಜ್ಜೇನೂ ಬರಲಿಲ್ಲ.

ಆಮೇಲೆ ಅವಳು ಮಕ್ತಲ್ ಸಂತೆಯಿಂದ ಅಂಟಿಸುವ ಬೊಟ್ಟು ತರಿಸಿಕೊಳ್ಳತೊಡಗಿದಳು. ಹೊಸ ಚಾಳಿ ಎಂದುಕೊಂಡೆ. ಮನೆಯಲ್ಲಿ ಮೇಣದ ಸುದ್ದಿ ನಿಂತಿತಲ್ಲ ಎಂದು ಒಳಗೊಳಗೇ ಹಿಗ್ಗಿದ್ದೂ ಸುಳ್ಳಲ್ಲ.

ಮೊನ್ನೆ ಆ ಉಂಡೆಯನ್ನು ಬೆಳಕಿಗೆ ಹಿಡಿದೆ. ಎಲ್ಲೂ ಉಗುರಿನ ಗುರುತಿಲ್ಲ, ಒಂದು ಚೂರೂ ಬಳಸಿಲ್ಲ. ಮೇಣದೊಳಗೆ ಅರೆಸುಟ್ಟ ಕೆಂಪು ನೂಲಿನ ಎಳೆಯೊಂದು ಹೂತಿದೆ. ನಮ್ಮ ಮಗ್ಗದ ನೂಲು. ಅದನ್ನು ಲಾಳಿಯ ಕಂಡಿಕೆಗೆ ಸುತ್ತುತ್ತಿದ್ದವಳು ಅವಳೇ. ಅವಳಿಗೆ ಗುರುತು ಸಿಗದೇ ಇರುತ್ತದೆಯೇ?

ಒಂದು ದಿನವೂ ಕೇಳಲಿಲ್ಲ ಪುಣ್ಯಾತ್ಗಿತ್ತಿ... ಕೇಳಿದ್ದರೆ ನಾನು ಹೇಳುತ್ತಿದ್ದೆನೋ, ಇಲ್ಲವೋ.

ಸೀರೆಗಳನ್ನು ಮಡಿಸಿ ಮತ್ತೆ ಒಳಗಿಟ್ಟೆ. ಡಬ್ಬಿಯನ್ನು ತಳದಲ್ಲಿ, ಅವಳು ಇಟ್ಟಿದ್ದ ಜಾಗದಲ್ಲೇ ಇಟ್ಟೆ. ಈ ವಯಸ್ಸಿನಲ್ಲೂ ಒಂದು ಗಳಿಗೆ ಹೊಟ್ಟೆ ಉರಿಯಿತು. ನಾನು ನೇಯ್ದದ್ದನ್ನೆಲ್ಲ ಅವಳು ಉಟ್ಟು ಸವೆಸಿದಳು, ಅವನು ಕೊಟ್ಟದ್ದನ್ನು ಮಾತ್ರ ಮುಟ್ಟದೆ ಕಾದಿಟ್ಟಳು. ಇಬ್ಬರೂ ನನ್ನ ಮಾನ ಕಾದರು. ನನ್ನಿಂದ ಅವರಿಬ್ಬರಿಗೂ ಒಂದು ನಿಜದ ಮಾತು ಹೇಳಲಾಗಲಿಲ್ಲ.