ಎರಡೂ ಎಡ ತೋಳು

ನಮ್ಮ ಚಿಕ್ಕಮ್ಮ ಟೈಲರ್. ಅವಳ ಅಂಗಡಿಯೆಂದರೆ ಒಂದು ಮೆಷಿನ್, ಒಂದು ಇಸ್ತ್ರಿ ಟೇಬಲ್, ಮತ್ತು ಕಾಲೇಜ್ ಮುಗಿಸಿ ಬಂದು ಅವಳ ಕಾಲಿಗೆ ಅಡ್ಡಡ್ಡ ಬರುವ ನಾನು. ಎದುರಿಗೇ ಇನ್ನೊಬ್ಬ ಟೈಲರ್, ಕಾಲರ್ ಮಾಸ್ಟರ್ ಅಂಗಡಿ. ಚಿಕ್ಕಮ್ಮ ಬೋರ್ಡ್ ಹಾಕಿದ ದಿನದಿಂದ ಅವರಿಗೆ ಹೊಟ್ಟೆಯುರಿ. "ಅಲ್ಲಿ ದಿಂಬಿನ ಕವರ್ ಹೊಲೀತಾರೆ, ಅಷ್ಟೇ" ಎಂದು ಗಿರಾಕಿಗಳ ಕಿವಿ ಊದುತ್ತಿದ್ದರು.

ಈ ಸಲ ಬ್ಯಾಂಡ್‌ನವರು ತಮ್ಮ ಕೆಂಪು ಕೋಟುಗಳ ಹೊಲಿಗೆಯನ್ನು ಇಬ್ಬರಿಗೂ ಅರ್ಧರ್ಧ ಹಂಚಿದರು. ಯಾರ ಕೆಲಸ ಚೆನ್ನಾಗಿರುತ್ತದೋ ಮುಂದಿನ ಆರ್ಡರ್ ಪೂರ್ತಿ ಅವರಿಗಂತೆ. ಚಿಕ್ಕಮ್ಮ ಊಟ ಮರೆತು ಹೊಲಿದಳು, ಕೊನೆಯ ಕೋಟಿನಲ್ಲಿ ಎಡವಿದಳು. ತೋಳುಗಳನ್ನು ಒಂದೊಂದಾಗಿ ಕತ್ತರಿಸುವಾಗ ಎರಡನೆಯದಕ್ಕೆ ಪೇಪರ್ ಪ್ಯಾಟರ್ನ್ ಮಗುಚಿ ಇಡಲಿಲ್ಲ. ಎರಡೂ ಎಡಗೈ ತೋಳು! ಬ್ಯಾಂಡ್‌ನವರು ಕೊಟ್ಟಿದ್ದ ಬಟ್ಟೆ ಗೇಣೂ ಮಿಕ್ಕಿರಲಿಲ್ಲ. ಇನ್ನೆಲ್ಲಾದರೂ ಇದ್ದರೆ ಎದುರಂಗಡಿಯಲ್ಲಿ ಮಾತ್ರ.

ಅಷ್ಟರಲ್ಲಿ ಬ್ಯಾಂಡ್‌ನವರು ಕಳಿಸಿದ ಗುಂಡಿಗಳು, ಮಾಸ್ಟರ್ ಪಾಲೂ ಸೇರಿ, ನಮ್ಮಲ್ಲಿಗೇ ಬಂದವು. ನನಗೆ ಖುಷಿಯೋ ಖುಷಿ.

"ಚಿಕ್ಕಮ್ಮ, ಬಟ್ಟೆ ಕೊಟ್ರೆ ಗುಂಡಿ ಅಂತ ಹೇಳು. ಸಿಂಪಲ್."

"ಇವತ್ತೇನೋ ಕೊಡ್ತಾರೆ ಕಣೇ. ನಾಳೆ ಬಾಗಿಲು ತೆಗೆದ್ರೆ ಮತ್ತೆ ಅವರ ಮುಖಾನೇ ತಾನೇ ನೋಡ್ಬೇಕು?"

ರಸ್ತೆ ದಾಟಿ ಗುಂಡಿಯ ಚೀಲವನ್ನು ಅವರ ಟೇಬಲ್ ಮೇಲಿಟ್ಟಳು. ನಾನು ಹಿಂದೆಯೇ ಓಡಿದೆ.

"ಮಾಸ್ಟ್ರೇ, ನಿಮ್ಮ ಗುಂಡಿ ನಮ್ಮಲ್ಲಿಗೆ ಬಂದಿತ್ತು."

"ಅದಕ್ಕೇನು ಬೇಕಂತೆ?"

"ಅದಕ್ಕೇನೂ ಬೇಡ, ಅದು ನಿಮ್ದೇ. ಬೇರೆ ವಿಷಯ. ಎರಡೂ ಎಡ ತೋಳು ಕತ್ತರಿಸ್ಬಿಟ್ಟೆ. ಚೂರು ಬಟ್ಟೆ ಇದ್ರೆ ಕೊಡ್ತೀರಾ?"

ಮಾಸ್ಟರ್ ನಕ್ಕ ನಗುವಿಗೆ ಕನ್ನಡಕ ಮೂಗಿನ ತುದಿಗೆ ಜಾರಿತು. "ಎರಡೂ ಎಡವಾ? ಡೋಲು ಬಾರಿಸೋನಿಗೆ ಕೊಡಮ್ಮ, ಬಲಗೈಗೆ ರಜೆ ಸಿಗ್ಲಿ."

ನನಗೆ ಮೈಯೆಲ್ಲ ಉರಿಯಿತು. ಚಿಕ್ಕಮ್ಮ ಮಾತ್ರ ಅವರ ಜೊತೆಗೇ ನಕ್ಕಳು.

ನಗು ಮುಗಿಸಿ ಅವರು ಟೇಬಲ್ ಕೆಳಗಿನಿಂದ ಚೂರುಗಳ ಮೂಟೆ ಎಳೆದರು. ತೋಳಿಗಾಗುವಷ್ಟು ದೊಡ್ಡದು ಒಂದೂ ಇರಲಿಲ್ಲ. ಎರಡು ತುಂಡು ಪಕ್ಕಪಕ್ಕ ಇಟ್ಟು ತಿರುವಿ ನೋಡಿದರು.

"ಜೋಡಣೆ ಕಂಕುಳ ಕೆಳಗೆ ಬರತ್ತೆ. ಕೈ ಎತ್ತಿದ್ರೆ ತಾನೇ ಕಾಣೋದು."

ಚಿಕ್ಕಮ್ಮ ಕತ್ತರಿಗೆ ಕೈ ಹಾಕಿದಳು.

"ಇಲ್ಲಿ ಕೊಡು ತಾಯಿ, ನೀನು ಇದನ್ನೂ ಎಡ ಮಾಡ್ತೀಯ." ಅವರೇ ಕತ್ತರಿಸಿದರು.

ಕೋಟುಗಳೆಲ್ಲ ಹೊತ್ತಿಗೆ ಸರಿಯಾಗಿ ಹೋದವು. ಯಾರ ಕೆಲಸ ಹೆಚ್ಚು ಚೆನ್ನ ಎಂದು ಬ್ಯಾಂಡ್‌ನವರಿಗೆ ಗೊತ್ತಾಗದೆ, ಮುಂದಿನ ಆರ್ಡರ್ ಬಂದಾಗ ಯಾರಿಗೂ ಪೂರ್ತಿ ಸಿಗಲಿಲ್ಲ, ಮತ್ತೆ ಅರ್ಧರ್ಧವೇ. ಮಾಸ್ಟರ್ ಒಳ್ಳೆಯವರಾಗಿಬಿಟ್ಟರು ಎಂದೇನಲ್ಲ, ಈಗಲೂ ಮುಖ ಗಂಟೇ. ಆದರೆ ಎರಡೂ ಅಂಗಡಿಯ ತೋಳುಗಳನ್ನು ಅವರು ಕತ್ತರಿಸುತ್ತಾರೆ, ಎರಡೂ ಅಂಗಡಿಯ ಕೋಟುಗಳಿಗೆ ಚಿಕ್ಕಮ್ಮ ಗುಂಡಿ ತೂರಿಸುವ ಕಾಜಾ ಹೊಲಿಯುತ್ತಾಳೆ. ಹೊತ್ತು ತಿರುಗುವವಳು ನಾನು. ನಡುರಸ್ತೆಗೆ ಬರುವಷ್ಟರಲ್ಲಿ ಎರಡೂ ಕಡೆಯಿಂದ ಒಟ್ಟಿಗೇ ಬೈಗುಳ: "ಬಟ್ಟೆ ನೆಲಕ್ಕೆ ತಾಗಿಸ್ಬೇಡ ಕಣೇ!"