ಪಾರ್ವತಮ್ಮನ ಚಾವಣಿ, ಪ್ರಮೀಳಳ ಬೆಂಚು

ಪಾರ್ವತಮ್ಮನವರೊಡನೆ ಮೊದಲ ಮಾತುಕತೆಯನ್ನು ಗೊತ್ತುಪಡಿಸಲು ಮೂರು ಬಾರಿ ಫೋನು ಮಾಡಬೇಕಾಯಿತು. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ ರಸ್ತೆ ಮತ್ತು ಬಸ್ಸುಗಳ ಬಗ್ಗೆ ಜನರ ಅನುಭವಗಳನ್ನು ಧ್ವನಿಮುದ್ರಿಸಿಕೊಳ್ಳುತ್ತಿದ್ದ ನನಗೆ, ಇವುಗಳಲ್ಲೊಂದು ಪಟ್ಟಣದ ಪುರಸಭಾ ಸದಸ್ಯೆಯೆಂದು ಅವರ ಪರಿಚಯ ಹೇಳಲಾಗಿತ್ತು. ಪಟ್ಟಣದ ಹೆಸರನ್ನು ಅವರ ಕೋರಿಕೆಯಂತೆ ಇಲ್ಲಿ ಬಿಟ್ಟಿದ್ದೇನೆ.

ಮೊದಲೆರಡು ಸಲ ಕರೆಗೆ ಉತ್ತರಿಸಿದವರು ಅವರ ಪತಿ ಚಿಕ್ಕಸ್ವಾಮಿ. "ಮೆಂಬರ್ರೇ ಮಾತಾಡ್ತಿರಾದು, ಏನೇಳಿ" ಎಂದರು. ಮೂರನೆಯ ಸಲವೂ ಅವರು ಹಾಗೆನ್ನುತ್ತಿದ್ದಂತೆ ಹಿಂದಿನಿಂದ ಹೆಣ್ಣುದನಿಯೊಂದು ಕೇಳಿಸಿತು. "ಯಾರ್ರೀ ಮೆಂಬರ್ರು? ಜನ ಓಟಾಕಿದ್ದು ನನ್ಗೆ. ತತ್ತನ್ನಿ ಇಲ್ಲಿ ಪೋನ."

ಫೋನು ತೆಗೆದುಕೊಂಡ ಪಾರ್ವತಮ್ಮನವರಿಗೆ ಕರೆಯ ಉದ್ದೇಶವನ್ನು ವಿವರಿಸಿದೆ. ಅವರು ಒಂದೇ ಷರತ್ತು ಹಾಕಿದರು. "ಬನ್ನಿ ಮೇಡಮ್ಮೋರೆ. ಆದ್ರೆ ರಸ್ತೆ ಆಚೆ ಪ್ರಮೀಳನ್ ಮನೇಗ್ ಮೊದ್ಲು ಓಗಿದ್ರೆ ಮಾತ್ರ ನಮ್ ಮನೇಗ್ ಬರ್ಬ್ಯಾಡಿ."

ಪ್ರಮೀಳಾ ಪಕ್ಕದ ವಾರ್ಡಿನ ಸದಸ್ಯೆ. ಅಷ್ಟೇ ಅಲ್ಲ, ಚಿಕ್ಕಸ್ವಾಮಿಯವರ ತಮ್ಮನ ಹೆಂಡತಿ, ಎಂದರೆ ಪಾರ್ವತಮ್ಮನವರ ವಾರಗಿತ್ತಿ. ಅಣ್ಣತಮ್ಮಂದಿರು ಪಾಲಾದಾಗ ಮೈಸೂರು ರಸ್ತೆಯ ಒಂದು ಬದಿಯ ಮನೆ ಅಣ್ಣನಿಗೂ ಇನ್ನೊಂದು ಬದಿಯದು ತಮ್ಮನಿಗೂ ಹೋಯಿತು. ಅತ್ತೆ ದೊಡ್ಡತಾಯಮ್ಮನವರು ಒಂದು ತಿಂಗಳು ಇಲ್ಲಿ, ಒಂದು ತಿಂಗಳು ಅಲ್ಲಿ. ವಾರ್ಡುಗಳ ಗಡಿಯೂ ಅದೇ ರಸ್ತೆಯ ನಡುವೆ ಹಾದುಹೋಗಿದ್ದರಿಂದ, ಎರಡಕ್ಕೂ ಮಹಿಳಾ ಮೀಸಲಾತಿ ಬಂದ ವರ್ಷ ಇಬ್ಬರು ಸೊಸೆಯರೂ ಎದುರುಬದುರಿನ ವಾರ್ಡುಗಳಲ್ಲಿ ನಿಂತು ಗೆದ್ದರು.

ಪಾರ್ವತಮ್ಮ ಶೀಳನೆರೆ ಕಡೆಯ ಒಕ್ಕಲು ಮನೆತನದ ಮಗಳು. ಏಳನೆಯ ತರಗತಿಯವರೆಗೆ ಓದಿ, ಹದಿನೆಂಟಕ್ಕೆ ಮದುವೆಯಾಗಿ ಬಂದು, ಎರಡು ಹಸು ಕಟ್ಟಿ, ಡೇರಿಗೆ ಹಾಲು ಹಾಕಿ ಮನೆ ನಡೆಸಿದವರು. ಪ್ರಮೀಳಾ ಬಿ.ಎ. ಓದಿದವರು. ಈ ಅಂತರವನ್ನು ಪಾರ್ವತಮ್ಮ ಮರೆಯಲು ಯತ್ನಿಸಿದಂತೆ ಕಾಣಲಿಲ್ಲ. "ಮೀಟಿಂಗ್‌ನಲ್ಲಿ ಅವ್ಳು ಪೇಪರ್ ನೋಡ್ಕಂಡ್ ಮಾತಾಡ್ತಾಳೆ, ಎಲ್ರೂ ತಲೆ ಆಡುಸ್ತಾರೆ. ಅದೇ ಮಾತ ನಾನು ಬಾಯಲ್ಲೇಳುದ್ರೆ ಅಧ್ಯಕ್ಷ್ರು ಗಡಿಯಾರ ನೋಡ್ತಾರೆ" ಎಂದರು.

ಪುರಸಭೆಗೆ ಹಣ ಬರುವ ಬಗೆಯನ್ನು ಅವರು ವಿವರಿಸಿದ್ದು ಅಡುಗೆಮನೆಯಲ್ಲಿ, ರಾಗಿಮುದ್ದೆ ತೊಳಸುತ್ತ. ಸರ್ಕಾರದ ಹಣಕಾಸು ಆಯೋಗದ ಅನುದಾನ ಒಂದು ಕಡೆ. ಮನೆಗಂದಾಯ, ಅಂಗಡಿ ಬಾಡಿಗೆ, ಸಂತೆ ಸುಂಕ ಇನ್ನೊಂದು ಕಡೆ. ಪೌರಕಾರ್ಮಿಕರ ಸಂಬಳ, ನೀರೆತ್ತುವ ಪಂಪಿನ ವಿದ್ಯುತ್ ಬಿಲ್ಲು, ಪರಿಶಿಷ್ಟರ ಕಲ್ಯಾಣಕ್ಕೆ ಮೀಸಲಾದ ಭಾಗ, ಇವೆಲ್ಲ ಕಳೆದು ಉಳಿದದ್ದಕ್ಕೆ ಸದಸ್ಯರು ಸಭೆಯಲ್ಲಿ ಕ್ರಿಯಾಯೋಜನೆ ಒಪ್ಪಬೇಕು. ಜಿಲ್ಲಾಧಿಕಾರಿಗಳ ಅನುಮೋದನೆ ಬಂದ ಮೇಲೆ ಕೆಲಸ. ಎಲ್ಲಿ ಅಗತ್ಯ ಹೆಚ್ಚೋ ಅಲ್ಲಿ ಖರ್ಚು ಮಾಡಬೇಕೆಂಬುದು ನಿಯಮದ ಆಶಯ. ಈ ಪಟ್ಟಣದ ರೂಢಿ ಬೇರೆ: ಉಳಿದ ಹಣವನ್ನು ಎಲ್ಲ ವಾರ್ಡುಗಳಿಗೂ ಸಮಪಾಲು ಮಾಡುತ್ತಾರೆ.

"ಇದುನ್ನ ಇಪ್ಪತ್ಮೂರ್ ಜನುಕ್ಕೆ ಅಂಚುದ್ರೆ ಯಾರ್ ಒಟ್ಟೆ ತುಂಬ್ತದೆ, ನೀವೇ ಏಳಿ" ಎಂದು ಅವರು ಕೋಲಿನಿಂದ ಮುದ್ದೆಯನ್ನು ತೋರಿಸಿದರು. "ಆದ್ರೂ ಒಬ್ರೂ ಬುಡಕ್ಕಿಲ್ಲ. ನಾನೂ ಬುಡಕ್ಕಿಲ್ಲ."

ಮೈಸೂರಿಗೆ ಹೋಗುವ ಬಸ್ಸು ನಿಲ್ಲುವುದು ಪಾರ್ವತಮ್ಮನವರ ಮನೆಯ ಬದಿಯಲ್ಲಿ. ಅಲ್ಲಿ ನೆರಳಿರಲಿಲ್ಲ. ತಂಗುದಾಣವೊಂದು ಬೇಕೆಂಬುದರಲ್ಲಿ ಇಬ್ಬರು ಸದಸ್ಯೆಯರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಆದರೆ ಒಂದು ವಾರ್ಡಿನ ಪಾಲು ಪೂರ್ತಿ ತಂಗುದಾಣಕ್ಕೆ ಸಾಲದು. ಇಬ್ಬರ ಪಾಲನ್ನೂ ಸೇರಿಸಿ ಒಂದೇ ಕಡೆ ಕಟ್ಟಿ ಎಂದು ಪುರಸಭೆಯ ಎಂಜಿನಿಯರು ತಿಮ್ಮೇಶ್ ಸಲಹೆ ಕೊಟ್ಟರು.

"ಬೋರ್ಡಲ್ಲಿ ಯಾರೆಸ್ರು ಮೇಲೆ ಬತ್ತದೆ?" ಎಂದು ಪಾರ್ವತಮ್ಮ ಕೇಳಿದರು.

"ಅಕ್ಷರಮಾಲೆ ಪ್ರಕಾರ ಹಾಕಿ ಸಾರ್" ಎಂದರಂತೆ ಪ್ರಮೀಳಾ.

ಅಕ್ಷರಮಾಲೆಯಂತೆ ಪಾರ್ವತಮ್ಮನ ಹೆಸರೇ ಮೊದಲು ಬರುತ್ತಿತ್ತು. ಆದರೂ ಪ್ರಮೀಳಾ ಹೇಳಿದ ಕ್ರಮವಾದ್ದರಿಂದ ಅದರಲ್ಲೇನೋ ಇದೆಯೆಂದು ಶಂಕಿಸಿ ಅವರು ಒಪ್ಪಲಿಲ್ಲ. ನನ್ನ ಪಾಲು ನನ್ನ ಬದಿಗೆ ಎಂದು ಪಟ್ಟು ಹಿಡಿದರು. ಹಾಗಾದರೆ ನನ್ನದು ನನ್ನ ಬದಿಗೆ ಎಂದರು ಪ್ರಮೀಳಾ. ಅಧ್ಯಕ್ಷರು ಎರಡನ್ನೂ ಕ್ರಿಯಾಯೋಜನೆಗೆ ಸೇರಿಸಿ ಸಭೆ ಮುಗಿಸಿದರು.

ಹೆಸರು ದೂರಕ್ಕೆ ಕಾಣಬೇಕೆಂದು ಪಾರ್ವತಮ್ಮ ತಮ್ಮ ವಾರ್ಡಿನ ಪಾಲಿನ ಹಣದಲ್ಲಿ ನಾಲ್ಕು ಕಂಬ ನಿಲ್ಲಿಸಿ, ಶೀಟು ಹೊದಿಸಿ, ಮೇಲೆ ಬೋರ್ಡು ಹಾಕಿಸಿದರು. ಕೂರಲು ಏನೂ ಮಾಡಿಸಲಾಗಲಿಲ್ಲ. ಪ್ರಮೀಳಾ ಎದುರು ಬದಿಯಲ್ಲಿ ಉದ್ದನೆಯ ಗ್ರಾನೈಟ್ ಬೆಂಚು ಹಾಕಿಸಿ, ಒರಗುವ ಕಲ್ಲಿನ ಮೇಲೆ ತಮ್ಮ ಹೆಸರು ಕೆತ್ತಿಸಿದರು. ಅದಕ್ಕೆ ಚಾವಣಿಯಿರಲಿಲ್ಲ.

ಜನ ಬೆಂಚಿನ ಕಡೆ ಹೋದರು. ಸೆರಗು ತಲೆಗೆಳೆದುಕೊಂಡು, ಕೊಡೆ ಬಿಚ್ಚಿಕೊಂಡು ಅಲ್ಲೇ ಕುಳಿತರು. ಮೈಸೂರು ಬಸ್ಸು ಕಂಡೊಡನೆ ರಸ್ತೆ ದಾಟಿ ಓಡಿಬಂದರು. ಮಳೆ ಬಂದರೆ ಮಾತ್ರ ಪಾರ್ವತಮ್ಮನವರ ಚಾವಣಿ ತುಂಬುತ್ತಿತ್ತು.

"ಮಳೆ ಬರ್ಲಿ ಅಂತ ನಮ್ಮಪ್ಪ ಕೂಡ ಇಷ್ಟ್ ಕಾದಿರ್ಲಿಲ್ಲ" ಎಂದರು ಪಾರ್ವತಮ್ಮ, ಜಗಲಿಯಲ್ಲಿ ಕುಳಿತು ಆಚೆ ನೋಡುತ್ತ. ಆ ಹೊತ್ತಿಗೆ ಬೆಂಚಿನ ಮೇಲೆ ಎಲೆಯಡಿಕೆ ಜಗಿಯುತ್ತ ಕುಳಿತಿದ್ದವರು ದೊಡ್ಡತಾಯಮ್ಮ. "ನೋಡಿ, ಈ ತಿಂಗ್ಳು ನಮ್ ಪಾಲು. ಮುದ್ದೆ ನನ್ ಮನೇಲುಂಡು, ಎಲಡ್ಕೆ ಆಕಕ್ಕೆ ಅವ್ಳ್ ಬೆಂಚ್ಗೋಯ್ತದೆ ಮುದ್ಕಿ!"

ಇದನ್ನು ಕೇಳಿಸಿಕೊಂಡ ದೊಡ್ಡತಾಯಮ್ಮ ಅಲ್ಲಿಂದಲೇ ಕೂಗಿದರು. "ನಿನ್ ಶೀಟ್ನಡೀಲಿ ನಿಂತ್ಕಳಕ್ಕೆ ನಾನೇನ್ ಕಂಬ್ವೇ? ಬೆಂಚಾಕ್ಸು, ಬತ್ತೀನಿ."

ಪಾರ್ವತಮ್ಮನವರ ಹಟಕ್ಕೆ ಗುರಿ ಸಿಕ್ಕಿದ್ದು ಅಂದಿನಿಂದ ಎಂದು ತೋರುತ್ತದೆ. ಸದಸ್ಯತ್ವದ ಅವಧಿ ಮುಗಿಯಲು ಒಂದು ವರ್ಷವೂ ಉಳಿದಿರಲಿಲ್ಲ. ಉಳಿದಿದ್ದ ಕೊನೆಯ ಕ್ರಿಯಾಯೋಜನೆಯಲ್ಲಿ ತಮ್ಮ ಚಾವಣಿಗೆ ಬೆಂಚು ಕೇಳಬೇಕೆಂದು ಅವರು ನಿಶ್ಚಯಿಸಿದರು. ಅದೇ ವಾರ ಪ್ರಮೀಳಾ ತಮ್ಮ ಬೆಂಚಿಗೆ ಚಾವಣಿ ಕೇಳಿದ್ದಾರೆಂಬ ಸುದ್ದಿ ಬಂತು. ಒಂದೇ ಜಾಗದಲ್ಲಿ ಎರಡು ತಂಗುದಾಣಗಳೇಕೆಂದು ಲೆಕ್ಕಪರಿಶೋಧಕರು ಆಕ್ಷೇಪಿಸಿದ್ದರಿಂದ ಈ ಸಲ ಒಂದಕ್ಕೆ ಮಾತ್ರ ಅವಕಾಶವೆಂದು ತಿಮ್ಮೇಶ್ ತಿಳಿಸಿದರು. ತಂಗುದಾಣವೆನಿಸಿಕೊಳ್ಳುವುದು ಯಾರದೆಂದು ಸಭೆಯೇ ತೀರ್ಮಾನಿಸಬೇಕಿತ್ತು.

ಜನವರಿ ತಿಂಗಳಿಡೀ ಪಾರ್ವತಮ್ಮ ಸದಸ್ಯರ ಮನೆಮನೆಗೆ ಹೋದರು. ಗಂಡನನ್ನು ಕರೆದೊಯ್ಯಲಿಲ್ಲ. ಹಸು ಈದಿದ್ದ ವಾರ ಗಿಣ್ಣುಹಾಲನ್ನೂ ಕೊಟ್ಟು ಬಂದರು. "ಅವ್ಳೇನ್ ಕೊಟ್ಲು?" ಎಂದು ಕೇಳಿ ತಿಳಿದುಕೊಂಡೂ ಬಂದರು. ಪ್ರಮೀಳಾ ಯಾರ ಮನೆಗೂ ಹೋಗಿರಲಿಲ್ಲ. ಪಾರ್ವತಮ್ಮನಿಗೆ ಅದೇ ಹೆಚ್ಚು ಭಯ ತಂದಿತು.

ಸಭೆಯಲ್ಲಿ ನಡೆದುದನ್ನು ಇಬ್ಬರೂ ನನಗೆ ಬೇರೆಬೇರೆಯಾಗಿ ಹೇಳಿದರು. ಎರಡೂ ವಿವರಗಳು ತಾಳೆಯಾಗುತ್ತವೆ. ಕೈ ಎತ್ತಿಸುವ ಮುನ್ನ ಪ್ರಮೀಳಾ ಎದ್ದು ನಿಂತರು. "ಬಸ್ಸು ನಿಲ್ಲದು ಅಕ್ಕನ್ ಕಡೆ. ನಮ್ಮತ್ತೆ ಮೊನ್ನೆ ಓಡ್ಕಂಡ್ ದಾಟೋವಾಗ ಲಾರಿಗ್ ಸಿಗ್ತಿದ್ರು. ನನ್ ಬೆಂಚ್ನ ಎತ್ತಿ ಅಕ್ಕನ್ ಚಾವಣಿ ಕೆಳೀಕೆ ಇಡ್ಸಿ. ಇಬ್ರು ಪಾಲ್ನೂ ಸೇರ್ಸಿ ಅಲ್ಲಿ ಚರಂಡಿಗೆ ಚಪ್ಪಡಿ ಆಕ್ಸಿ, ಬಸ್ಸು ರಸ್ತೆ ಬುಟ್ಟು ಪಕ್ಕಕ್ ನಿಲ್ಲಂಗಾಗ್ಲಿ" ಎಂದರು.

ಸಭೆ ಮೇಜು ತಟ್ಟಿತು. ಅಧ್ಯಕ್ಷರು ಪ್ರಮೀಳಾ ಅವರ ದೊಡ್ಡಮನಸ್ಸನ್ನು ಹೊಗಳಿದರು. ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು. ತಂಗುದಾಣ ಪಾರ್ವತಮ್ಮನವರದಾಯಿತು.

ಮರುದಿನ ನಾನು ಹೋದಾಗ ಅವರು ಸಂತೋಷದಲ್ಲಿರಲಿಲ್ಲ. "ಗೆದ್ದಿದ್ದು ನಾನು, ಚಪ್ಪಾಳೆ ಅವ್ಳ್ಗೆ! ಎಂಗೆ ನೋಡಿ ಮೇಡಮ್ಮೋರೆ. ಬೆಂಚ್ ಜೊತೇಲಿ ಅವ್ಳೆಸ್ರೂ ಬತ್ತದೆ ನನ್ ಚಾವಣಿ ಕೆಳೀಕೆ, ಇಷ್ಟ್‌ದಪ್ಪುದ್ ಅಕ್ಸರ!"

ಕಲ್ಲನ್ನು ಹಿಂದುಮುಂದು ತಿರುಗಿಸಿ ಕೂರಿಸಲು ಸಾಧ್ಯವೇ ಎಂದು ತಿಮ್ಮೇಶರನ್ನು ಕೇಳಿದರು. ಒರಗುವ ಕಲ್ಲು ಓರೆಯಾಗಿ ಕೊರೆದದ್ದು, ಆಗುವುದಿಲ್ಲ ಎಂದರು ಅವರು. ಸುಣ್ಣ ಬಳಿಯಲೇ ಎಂದು ಪಾರ್ವತಮ್ಮ ಗಂಡನನ್ನು ಕೇಳಿದರು. "ಊರು ನಗ್ತದೆ ಕಣೆ, ಸುಮ್ಕಿರು" ಎಂದರು ಚಿಕ್ಕಸ್ವಾಮಿ.

ಬೆಂಚು ಬಂದು ಕುಳಿತ ದಿನ ದೊಡ್ಡತಾಯಮ್ಮ ಮಾತಿನಂತೆ ರಸ್ತೆ ದಾಟಿ ಬಂದು ಮೊದಲು ಕುಳಿತರು. ಆಗ ಪಾರ್ವತಮ್ಮನವರ ಕಣ್ಣಿಗೆ ಒಂದು ಸಂಗತಿ ಬಿತ್ತು: ಅತ್ತೆಯ ಬೆನ್ನ ಹಿಂದೆ 'ಪ್ರ' ಅಕ್ಷರ ಮರೆಯಾಗಿತ್ತು.

ಅಂದಿನಿಂದ ಅವರು ಜಗಲಿಯಿಂದ ದಾರಿಹೋಕರನ್ನು ಕರೆಯುತ್ತಾರೆ. "ಯಾಕವ್ವ ಬಿಸ್ಲಲ್ ನಿಂತಿದ್ದೀ, ಬಾ ಕೂತ್ಕೊ." "ಏ ಕುಳ್ಳಯ್ಯಣ್ಣ, ಬಸ್ಸಿಗಿನ್ನೂ ಒತ್ತಾಯ್ತದೆ, ಕೂತ್ಕೊ ಬಾರಣ್ಣ. ಇನ್ನೊಸಿ ಆ ಕಡೀಕ್ ಸರ್ಕೊ." ಯಾರಾದರೂ ಎದ್ದರೆ ಇವರೇ ಹೋಗಿ ಆ ಜಾಗದಲ್ಲಿ ಕೂರುತ್ತಾರೆ. ಪಾರ್ವತಮ್ಮನಿಗೆ ಜನರ ಮೇಲೆ ಬಹಳ ಅಕ್ಕರೆ ಎಂದು ಹಾಲಿನ ಡೇರಿಯಲ್ಲಿ ಒಬ್ಬರು ನನಗೆ ಹೇಳಿದರು. ಪ್ರಮೀಳಾ ಅವರಿಗೆ ಕಾರಣ ತಿಳಿದಿದೆ. "ಕೂರುಸ್ಲಿ ಬುಡಿ. ಬೆಂಚ್ ಆಕ್ಸಿದ್ದು ಕೂರಕ್ಕೆ ತಾನೆ?" ಎಂದು ನಕ್ಕರು. ಆ ನಗು ಹೇಗಿತ್ತೆಂದು ಪಾರ್ವತಮ್ಮ ನನ್ನನ್ನು ಎರಡು ಸಲ ಕೇಳಿದ್ದಾರೆ.

ದಾಖಲೆಗೆ ಸೇರಿಸಿದ ಛಾಯಾಚಿತ್ರದ ಟಿಪ್ಪಣಿ: ಮೈಸೂರು ರಸ್ತೆ ತಂಗುದಾಣ, ೨೦೨೫ರ ಮಾರ್ಚ್ ೧೧, ಬೆಳಿಗ್ಗೆ. ಬೆಂಚಿನ ಮೇಲೆ ಐವರು. ಎಡತುದಿಯಲ್ಲಿ ದೊಡ್ಡತಾಯಮ್ಮ, ಬಲತುದಿಯಲ್ಲಿ ಪಾರ್ವತಮ್ಮ. ಒರಗುವ ಕಲ್ಲಿನ ಮೇಲಿನ ಹೆಸರು ಕಾಣುವುದಿಲ್ಲ.